ಹೊಗೆ ಒಂದೇ, ಉರುವಲು ಬೇರೆ

ತುರಿಕೆಯನ್ನು ರೋಗಗಳ ಸಾಲಿನಲ್ಲಿ ಎಣಿಸುವವರು ಕಡಿಮೆ. ಜ್ವರ ಬಂದರೆ ವೈದ್ಯರ ಬಳಿಗೆ ಧಾವಿಸುವ ಮನೆಯವರೇ, ಮೊಣಕೈಯ ಮಡಿಕೆಯಲ್ಲಿ ಕೆಂಪಗೆ ಎದ್ದು ನೀರೊಸರುವ ಇಸಬಿಗೆ ಗೂಡಿನಲ್ಲಿಟ್ಟ ಹಳೆಯ ಮುಲಾಮನ್ನು ಹುಡುಕುತ್ತಾರೆ. ಅಕ್ಕನಿಗೆ ಗುಣ ಕೊಟ್ಟದ್ದು ತಮ್ಮನಿಗೂ ಕೊಟ್ಟೀತು, ನೆರೆಮನೆಯವರಿಗೆ ಒಗ್ಗಿದ್ದು ನಮಗೂ ಒಗ್ಗೀತು ಎಂಬುದು ಸಂಸಾರಗಳಲ್ಲಿ ನಡೆದುಬಂದ ವಿಚಾರಸರಣಿ. ಕಣ್ಣಿಗೆ ಕಾಣುವ ಲಕ್ಷಣ ಒಂದೇ ಆದಮೇಲೆ ಔಷಧವೂ ಒಂದೇ ಆಗಬೇಡವೆ ಎಂದು ಅವರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಉತ್ತರ ಅಷ್ಟು ಸುಲಭವಲ್ಲ.

ತರ್ಕಶಾಸ್ತ್ರದ ಅಭ್ಯಾಸಕ್ಕೆ ತೊಡಗಿದ ಬಾಲಕನಿಗೆ ಮೊದಲು ಹೇಳಿಕೊಡುವ ದೃಷ್ಟಾಂತ ಬೆಟ್ಟದ ಮೇಲಿನ ಹೊಗೆಯದು. ಹೊಗೆಯನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ಅನುಮಾನಿಸಬಹುದು. ಆದರೆ ಉರಿಯುತ್ತಿರುವುದು ಕಟ್ಟಿಗೆಯೋ ಎಣ್ಣೆಯೋ ಎಂಬುದನ್ನು ಹೊಗೆಯೊಂದೇ ನಿಶ್ಚಯಿಸಿ ಹೇಳಲಾರದು. ಈ ಭೇದ ಪಂಡಿತರ ವಾದಕ್ಕೆ ಮಾತ್ರ ಬೇಕಾದುದೆಂದು ತಿಳಿಯಬಾರದು. ಕಟ್ಟಿಗೆಯ ಬೆಂಕಿಗೆ ನೀರು ಸುರಿದರೆ ಆರುತ್ತದೆ. ಬಾಣಲೆಯ ಎಣ್ಣೆಗೆ ಹತ್ತಿದ ಬೆಂಕಿಗೆ ಅದೇ ನೀರನ್ನು ಸುರಿದರೆ ಭಗ್ಗನೆ ಮೇಲೆದ್ದು ಮಾಡನ್ನು ಮುಟ್ಟುತ್ತದೆ. ಅಡುಗೆಮನೆಯಲ್ಲಿ ಬಾಳು ಸವೆಸಿದ ತಾಯಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಚರ್ಮದೊಳಗಿನ ಉರಿಯ ವಿಷಯದಲ್ಲಿಯೂ ಇಂತಹುದೇ ಒಂದು ಭೇದವುಂಟೆಂದು ವಿಜ್ಞಾನಿಗಳು ಇತ್ತೀಚೆಗೆ ತೋರಿಸಿಕೊಟ್ಟಿದ್ದಾರೆ. ಆ ಭೇದಕ್ಕೆ ಕಾರಣವಾಗುವುದು ದೇಹದಲ್ಲಿ ಸಂಗ್ರಹವಾದ ಬೊಜ್ಜು. ಈ ತಿಂಗಳು ವಾಚಕರೊಡನೆ ಅದನ್ನು ಕುರಿತು ವಿಚಾರ ಮಾಡಬೇಕೆಂದಿದ್ದೇವೆ.

ಮೊದಲು ರೋಗದ ಸ್ವರೂಪವನ್ನು ನೋಡೋಣ. ನಾವು ಇಸಬು ಎಂದು ಕರೆಯುವ ರೋಗದಲ್ಲಿ ಹಲವು ಬಗೆಗಳುಂಟು. ಅವುಗಳಲ್ಲಿ ಅಲರ್ಜಿಯ ಪ್ರಕೃತಿಗೆ ಸೇರಿದ್ದನ್ನು ವೈದ್ಯರು ಅಟೋಪಿಕ್ ಡರ್ಮಟೈಟಿಸ್ ಎನ್ನುತ್ತಾರೆ. ‘ಅಟೋಪಿ’ ಎಂಬ ಶಬ್ದವನ್ನು ಗ್ರೀಕ್ ಮೂಲದಿಂದ ರೂಪಿಸಿ ೧೯೨೩ರಲ್ಲಿ ಬಳಕೆಗೆ ತಂದವರು ಅಮೆರಿಕದ ಆರ್ಥರ್ ಕೋಕಾ ಮತ್ತು ರಾಬರ್ಟ್ ಕುಕ್. ನೆಲೆ ತಪ್ಪಿದ್ದು, ವಿಲಕ್ಷಣವಾದದ್ದು ಎಂಬುದು ಅದರ ಭಾವ. ಉಬ್ಬಸ, ಮೂಗಿನ ಅಲರ್ಜಿ, ಇಸಬು ಈ ಮೂರೂ ಅನೇಕ ವೇಳೆ ಒಂದೇ ಮನೆತನದಲ್ಲಿ ಸುತ್ತಾಡುತ್ತವೆ. ಅಜ್ಜನಿಗೆ ಉಬ್ಬಸ, ತಂದೆಗೆ ಬೆಳಗಾದರೆ ಸೀನು, ಮಗುವಿಗೆ ಇಸಬು ಇರುವ ಮನೆಗಳನ್ನು ನಾವೆಲ್ಲ ಕಂಡಿದ್ದೇವೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ.

ಚರ್ಮವು ದೇಹವೆಂಬ ಕೋಟೆಯ ಗೋಡೆ. ಗೋಡೆಯ ಗಾರೆ ಸಡಿಲಗೊಂಡರೆ ಒಳಗಿನ ತೇವ ಹೊರಹೋಗುತ್ತದೆ, ಹೊರಗಿನ ಧೂಳು, ಪರಾಗ, ಸೂಕ್ಷ್ಮಾಣುಗಳು ಒಳಹೊಗುತ್ತವೆ. ಈ ಗಾರೆಯನ್ನು ಬಿಗಿಗೊಳಿಸುವ ಪ್ರೋಟೀನುಗಳಲ್ಲಿ ಫಿಲಾಗ್ರಿನ್ ಎಂಬುದು ಮುಖ್ಯವಾದದ್ದು. ಅದನ್ನು ಉತ್ಪಾದಿಸುವ ಜೀನಿನಲ್ಲಿ ದೋಷವಿರುವವರಿಗೆ ಈ ರೋಗ ಬರುವ ಸಂಭವ ಹೆಚ್ಚೆಂಬುದನ್ನು ೨೦೦೬ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಇರ್ವಿನ್ ಮ್ಯಾಕ್ಲೀನ್ ಮತ್ತು ಅವರ ಸಂಗಡಿಗರು ತೋರಿಸಿದರು.

ಗೋಡೆ ಬಿರುಕುಬಿಟ್ಟಾಗ ಕಾವಲಿನ ಸೈನ್ಯ ಎಚ್ಚತ್ತುಕೊಳ್ಳುವುದು ಸಹಜ. ರಕ್ತದ ಬಿಳಿಯ ಕಣಗಳಲ್ಲಿ ಸಹಾಯಕ ಟಿ ಕೋಶಗಳೆಂಬ ಒಂದು ವರ್ಗವುಂಟು. ಇವು ಸ್ವತಃ ಕಾದುವುದಕ್ಕಿಂತ ಹೆಚ್ಚಾಗಿ ಇತರ ಕಣಗಳಿಗೆ ಅಪ್ಪಣೆ ಕೊಡುವ ದಳಪತಿಗಳು. ಈ ದಳಪತಿಗಳಲ್ಲಿ ಎರಡು ಬಗೆಯುಂಟೆಂದು ೧೯೮೬ರಲ್ಲಿ ಟಿಮ್ ಮಾಸ್ಮನ್ ಮತ್ತು ರಾಬರ್ಟ್ ಕಾಫ್‌ಮನ್ ವಿವರಿಸಿದರು. ಮೊದಲನೆಯ ಬಗೆ ಜೀವಕೋಶಗಳ ಒಳಗೆ ಅಡಗುವ ರೋಗಾಣುಗಳ ಮೇಲೆ ಕಾದುತ್ತದೆ. ಎರಡನೆಯದು ಜಂತುಹುಳಗಳಂತಹ ಶತ್ರುಗಳಿಗಾಗಿ ಏರ್ಪಟ್ಟದ್ದು. ಅದು ದಾರಿ ತಪ್ಪಿ ನಿರಪರಾಧಿಯಾದ ಪರಾಗದ ಮೇಲೋ ಧೂಳಿನ ಮೇಲೋ ಎರಗಿದಾಗ ಅಲರ್ಜಿ ಎನ್ನಿಸಿಕೊಳ್ಳುತ್ತದೆ. ಅನಂತರ ೨೦೦೫ರ ಸುಮಾರಿಗೆ ಹದಿನೇಳರ ಪಡೆ ಎನ್ನಬಹುದಾದ ಮತ್ತೊಂದು ಬಗೆ ಬೆಳಕಿಗೆ ಬಂದಿತು. ಅದು ಹೊರಡಿಸುವ ಇಂಟರ್‌ಲ್ಯೂಕಿನ್-೧೭ ಎಂಬ ರಾಸಾಯನಿಕ ಸಂದೇಶದಿಂದ ಅದಕ್ಕೆ ಆ ಹೆಸರು. ಶಿಲೀಂಧ್ರಗಳನ್ನೂ ಕೆಲವು ಬ್ಯಾಕ್ಟೀರಿಯಗಳನ್ನೂ ಹಿಮ್ಮೆಟ್ಟಿಸುವುದು ಅದರ ಕೆಲಸ. ಅದು ಹದ ಮೀರಿದಾಗ ಹುಟ್ಟುವ ಚರ್ಮರೋಗಗಳಲ್ಲಿ ಸೋರಿಯಾಸಿಸ್ ಪ್ರಧಾನವಾದದ್ದು.

ಅಲರ್ಜಿಯ ಇಸಬಿನಲ್ಲಿ ಎರಡನೆಯ ಪಡೆಯದೇ ಮೇಲುಗೈ. ಅದರ ಸಂದೇಶಗಳಾದ ಇಂಟರ್‌ಲ್ಯೂಕಿನ್-೪ ಮತ್ತು ಇಂಟರ್‌ಲ್ಯೂಕಿನ್-೧೩ ಚರ್ಮದ ಗೋಡೆಯನ್ನು ಇನ್ನಷ್ಟು ಸಡಿಲಗೊಳಿಸಿ ತುರಿಕೆಯನ್ನು ಕೆರಳಿಸುತ್ತವೆ. ಈ ಎರಡು ಸಂದೇಶಗಳ ಬಾಯಿ ಕಟ್ಟಿದರೆ ರೋಗ ತಗ್ಗಬೇಕಷ್ಟೆ. ಈ ತತ್ತ್ವದ ಮೇಲೆ ಸಿದ್ಧವಾದ ಡುಪಿಲುಮಾಬ್ ಎಂಬ ಚುಚ್ಚುಮದ್ದಿಗೆ ೨೦೧೭ರಲ್ಲಿ ಅಮೆರಿಕದಲ್ಲಿ ಮನ್ನಣೆ ದೊರೆಯಿತು. ರಾತ್ರಿಯೆಲ್ಲ ಕೆರೆದುಕೊಂಡು ನಿದ್ರೆಗೆಟ್ಟಿದ್ದ ಎಷ್ಟೋ ಜನರು ಅದರಿಂದ ಸುಖವನ್ನು ಕಂಡರು.

ಇಷ್ಟು ಚರ್ಮದ ಮಾತಾಯಿತು. ಇನ್ನು ಬೊಜ್ಜಿನ ಮಾತು. ಕೊಬ್ಬೆಂದರೆ ಕಷ್ಟಕಾಲಕ್ಕಾಗಿ ದೇಹ ತುಂಬಿಟ್ಟುಕೊಂಡ ಹಗೇವು ಎಂದು ಬಹುಕಾಲ ತಿಳಿಯಲಾಗಿತ್ತು. ಹಗೇವಿನ ಜೋಳ ತಾನಾಗಿ ಮಾತನಾಡದು, ಕೊಬ್ಬು ಹಾಗಲ್ಲ. ಕೊಬ್ಬಿನ ಅಂಗಾಂಶವು ಉರಿಯೂತವನ್ನು ಪ್ರಚೋದಿಸುವ ಒಂದು ದ್ರವ್ಯವನ್ನು ಹೊರಸೂಸುತ್ತದೆಂದು ೧೯೯೩ರಲ್ಲಿ ಸ್ಥೂಲಕಾಯದ ಇಲಿಗಳ ಅಧ್ಯಯನದಿಂದ ತಿಳಿದುಬಂದಿತು. ಮರುವರ್ಷವೇ ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ಅವರ ಪ್ರಯೋಗಶಾಲೆಯಲ್ಲಿ, ಕೊಬ್ಬಿನ ಕೋಶಗಳಿಂದ ಮಿದುಳಿಗೆ ಸಂದೇಶ ಒಯ್ಯುವ ಲೆಪ್ಟಿನ್ ಎಂಬ ಹಾರ್ಮೋನಿನ ಜೀನು ದೊರೆಯಿತು. ಬೊಜ್ಜು ಹೆಚ್ಚಿದಂತೆ ಅದರೊಳಗೆ ಉರಿಯೂತದ ಬಿಳಿಯ ಕಣಗಳು ಬಂದು ನೆಲೆಸುತ್ತವೆಂಬುದು ೨೦೦೩ರಲ್ಲಿ ಖಚಿತವಾಯಿತು. ಎಂದಮೇಲೆ ಸೊಂಟದ ಸುತ್ತ ಸೇರಿದ ಬೊಜ್ಜು ಅಲ್ಲಿಯೇ ಸುಮ್ಮನೆ ಕುಳಿತಿರುವುದಿಲ್ಲ. ದೂರದ ಚರ್ಮ, ಶ್ವಾಸಕೋಶ, ಕೀಲುಗಳಲ್ಲಿರುವ ಕಾವಲುಪಡೆಯ ನಡತೆಯನ್ನೂ ಅದು ಬದಲಿಸಬಲ್ಲದು.

ಹೇಗೆ ಬದಲಿಸುತ್ತದೆ ಎಂಬ ಪ್ರಶ್ನೆಗೆ ಒಂದು ಸ್ಪಷ್ಟವಾದ ಉತ್ತರ ೨೦೨೨ರ ಮಾರ್ಚ್ ತಿಂಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಎರಡು ಸಂಸ್ಥೆಗಳು, ಅಂದರೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮತ್ತು ಲಾ ಹೋಯಾ ಎಂಬಲ್ಲಿರುವ ಸಾಲ್ಕ್ ಸಂಸ್ಥೆ, ಸೇರಿ ನಡೆಸಿದ ಸಂಶೋಧನೆಯದು. ಸಾಗರ್ ಬಾಪಟ್, ಅಲೆಕ್ಸಾಂಡರ್ ಮಾರ್ಸನ್, ಯೆ ಜೆಂಗ್, ರೊನಾಲ್ಡ್ ಎವಾನ್ಸ್ ಮೊದಲಾದವರು ಅದರಲ್ಲಿ ಭಾಗಿಗಳು.

ಅವರು ಇಲಿಗಳ ಒಂದು ಗುಂಪಿಗೆ ಸಾಮಾನ್ಯ ಆಹಾರವನ್ನೂ ಮತ್ತೊಂದಕ್ಕೆ ಕೊಬ್ಬಿನಂಶ ಬಹಳವಾಗಿರುವ ಆಹಾರವನ್ನೂ ಕೊಟ್ಟು ಬೆಳೆಸಿದರು. ಮೊದಲ ಗುಂಪು ತೆಳ್ಳಗೆ ಉಳಿಯಿತು, ಎರಡನೆಯದು ಕೊಬ್ಬಿತು. ಬಳಿಕ ಎರಡೂ ಗುಂಪುಗಳ ಇಲಿಗಳ ಕಿವಿಗೆ ಇಸಬಿನಂತಹ ಉರಿಯೂತವನ್ನು ಹುಟ್ಟಿಸುವ ಒಂದೇ ದ್ರವ್ಯವನ್ನು ಹಚ್ಚಿದರು. ಎರಡು ಗುಂಪುಗಳಲ್ಲಿಯೂ ಕಿವಿ ಊದಿಕೊಂಡಿತು. ಸ್ಥೂಲಕಾಯದ ಇಲಿಗಳಲ್ಲಿ ಊತ ಇನ್ನೂ ಬಹಳವಾಗಿತ್ತು. ಇಲ್ಲಿಯವರೆಗೆ ಆಶ್ಚರ್ಯವೇನೂ ಇಲ್ಲ. ಆಮೇಲೆ, ಎರಡನೆಯ ಪಡೆಯ ಆ ಎರಡು ಸಂದೇಶಗಳನ್ನು ತಡೆಯುವ ಔಷಧವನ್ನು ಎರಡೂ ಗುಂಪುಗಳಿಗೆ ಕೊಟ್ಟು ನೋಡಿದರು. ತೆಳ್ಳಗಿನ ಇಲಿಗಳಲ್ಲಿ ರೋಗ ಇಳಿಯಿತು. ಸ್ಥೂಲಕಾಯದ ಇಲಿಗಳಲ್ಲಿ ಅದೇ ಔಷಧದಿಂದ ರೋಗ ಇಳಿಯಲಿಲ್ಲ. ಅಷ್ಟೇ ಅಲ್ಲ, ಉಲ್ಬಣಿಸಿತು. ನಾವು ಮೇಲೆ ಹೇಳಿದ ಬಾಣಲೆಯ ಎಣ್ಣೆಗೆ ನೀರು ಬಿದ್ದಂತಾಯಿತು.

ಕಾರಣವೇನೆಂದು ಕೋಶಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ವಿಷಯ ಹೊರಬಿದ್ದಿತು. ತೆಳ್ಳಗಿನ ಇಲಿಗಳ ಕಿವಿಯಲ್ಲಿ ಕಾದುತ್ತಿದ್ದುದು ನಿರೀಕ್ಷೆಯಂತೆ ಎರಡನೆಯ ಪಡೆ. ಸ್ಥೂಲಕಾಯದ ಇಲಿಗಳಲ್ಲಿ ಹದಿನೇಳರ ಪಡೆ ತಲೆಯೆತ್ತಿತ್ತು. ಹೊರಗೆ ಅದೇ ಊತ, ಅದೇ ಕೆಂಪು. ಒಳಗಿನ ಬೆಂಕಿಯ ಉರುವಲು ಬೇರೆ. ಈ ಮಾರ್ಪಾಡಿನ ಕೀಲಿಯಿರುವುದು ಪಿಪಿಎಆರ್-ಗಾಮಾ ಎಂಬ ಪ್ರೋಟೀನಿನಲ್ಲಿ. ಜೀವಕೋಶದ ಬೀಜಕೇಂದ್ರದಲ್ಲಿ ಕುಳಿತು ಯಾವ ಜೀನು ತೆರೆಯಬೇಕು, ಯಾವುದು ಮುಚ್ಚಬೇಕು ಎಂಬುದನ್ನು ನಿಯಂತ್ರಿಸುವ ಪ್ರೋಟೀನು ಅದು. ಕೊಬ್ಬಿನ ಕೋಶಗಳನ್ನು ರೂಪಿಸುವುದರಲ್ಲಿ ಅದರದು ಮುಖ್ಯ ಪಾತ್ರವೆಂಬುದು ೧೯೯೪ರಿಂದ ತಿಳಿದಿತ್ತು. ಸಹಾಯಕ ಟಿ ಕೋಶಗಳನ್ನು ಎರಡನೆಯ ಪಡೆಯ ಶಿಸ್ತಿನಲ್ಲಿ ಹಿಡಿದಿಡುವುದೂ ಅದರ ಕೆಲಸವೆಂದು ಈ ಸಂಶೋಧನೆ ತೋರಿಸಿತು. ಸ್ಥೂಲಕಾಯದ ಇಲಿಗಳಲ್ಲಿ ಆ ಪ್ರೋಟೀನಿನ ಚಟುವಟಿಕೆ ಕುಗ್ಗಿತ್ತು. ಶಿಸ್ತು ಸಡಿಲವಾದೊಡನೆ ಬೇರೆ ಪಡೆ ನುಗ್ಗಿತು.

ಒಂದು ಊಹೆಯನ್ನು ಸಿದ್ಧಾಂತವೆನ್ನಬೇಕಾದರೆ ಅನ್ವಯ, ವ್ಯತಿರೇಕ ಎರಡರಿಂದಲೂ ಅದನ್ನು ಒರೆಗೆ ಹಚ್ಚಬೇಕು. ಇದ್ದರೆ ಇರಬೇಕು, ಇಲ್ಲದಿದ್ದರೆ ಇರಬಾರದು. ವಿಜ್ಞಾನಿಗಳು ಮಾಡಿದ್ದೂ ಅದನ್ನೇ. ಇಲಿಗಳ ಟಿ ಕೋಶಗಳಿಂದ ಆ ಪ್ರೋಟೀನನ್ನು ತೆಗೆದುಹಾಕಿ ನೋಡಿದರು. ಎರಡನೆಯ ಪಡೆಯ ಶಿಸ್ತು ಕೆಟ್ಟು ಅಸಹಜವಾದ ಉರಿಯೂತ ತೋರಿಬಂದಿತು. ಬಳಿಕ ಸ್ಥೂಲಕಾಯದ ಇಲಿಗಳಿಗೆ ಆ ಪ್ರೋಟೀನನ್ನು ಚುರುಕುಗೊಳಿಸುವ ರೋಸಿಗ್ಲಿಟಜೋನ್ ಎಂಬ ಔಷಧವನ್ನು ಕೊಟ್ಟರು. ಹದಿನೇಳರ ಪಡೆಯ ಹಾವಳಿ ತಗ್ಗಿತು, ಮೊದಲು ಕೆಡುಕು ಮಾಡಿದ್ದ ಔಷಧವೇ ಈಗ ಗುಣ ಕೊಡತೊಡಗಿತು. ಇಲ್ಲಿ ಗಮನಿಸಬೇಕಾದುದೆಂದರೆ, ಆ ಇಲಿಗಳು ತೆಳ್ಳಗಾಗುವವರೆಗೆ ಅವರು ಕಾಯಲಿಲ್ಲ. ಕಾವಲುಪಡೆಯ ಶಿಸ್ತನ್ನು ಸರಿಪಡಿಸಿದ್ದರಿಂದಲೇ ಔಷಧಕ್ಕೆ ದಾರಿ ತೆರೆಯಿತು.

ಇದನ್ನು ಓದಿದ ಉತ್ಸಾಹಿಗಳು ಯಾರಾದರೂ ಆ ಔಷಧವನ್ನು ಹುಡುಕಿಕೊಂಡು ಹೊರಟಾರೆಂಬ ಭಯದಿಂದ ಒಂದು ಮಾತನ್ನು ಖಂಡಿತವಾಗಿ ಹೇಳುತ್ತೇವೆ. ರೋಸಿಗ್ಲಿಟಜೋನ್ ಮಧುಮೇಹಕ್ಕೆಂದು ಬಂದ ಔಷಧ. ಹೃದಯಕ್ಕೆ ಅಪಾಯವಾದೀತೆಂಬ ಶಂಕೆಯಿಂದ ೨೦೧೦ರಲ್ಲಿ ಭಾರತ ಸರ್ಕಾರ ಅದನ್ನು ನಿಷೇಧಿಸಿತು. ಇಲಿಗಳಲ್ಲಿ ಒಂದು ತತ್ತ್ವವನ್ನು ಸಾಧಿಸಿ ತೋರಿಸಲು ಅದು ನೆರವಾಯಿತೇ ಹೊರತು ಮನುಷ್ಯರ ಇಸಬಿಗೆ ಮದ್ದೆಂದು ಸಿದ್ಧವಾಗಿಲ್ಲ. ಹಾಗೆಯೇ, ಡುಪಿಲುಮಾಬ್ ಪಡೆಯುತ್ತಿರುವ ಸ್ಥೂಲಕಾಯರು ಹೆದರಿ ಅದನ್ನು ನಿಲ್ಲಿಸಲೂ ಬಾರದು. ದಪ್ಪಗಿರುವ ಅನೇಕರಿಗೂ ಅದರಿಂದ ಉಪಕಾರವಾಗಿದೆ. ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲಿಯೂ ಅಕ್ಷರಶಃ ಹಾಗೆಯೇ ನಡೆಯಬೇಕೆಂಬ ನಿಯಮವಿಲ್ಲ. ಇಲಿಯ ಪ್ರಯೋಗ ನಮಗೆ ಕೊಟ್ಟಿರುವುದು ಒಂದು ಎಚ್ಚರ: ಔಷಧ ಫಲಿಸದಿದ್ದಾಗ ರೋಗಿಯನ್ನೂ ವೈದ್ಯನನ್ನೂ ದೂಷಿಸುವುದಕ್ಕೆ ಮೊದಲು, ಒಳಗಿರುವುದು ನಾವು ತಿಳಿದ ರೋಗವೇ ಹೌದೆ ಎಂದು ಕೇಳಿಕೊಳ್ಳಬೇಕು.

ಮನುಷ್ಯರಲ್ಲಿ ಬೊಜ್ಜಿಗೂ ಇಸಬಿಗೂ ಸಂಬಂಧವುಂಟೆ? ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೫ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಉತ್ತರ ಅಮೆರಿಕ ಮತ್ತು ಏಷ್ಯಾ ಖಂಡಗಳಲ್ಲಿ ತೂಕ ಹೆಚ್ಚಿರುವವರಲ್ಲಿ ಈ ರೋಗ ಹೆಚ್ಚಾಗಿ ಕಂಡಿತು. ಯೂರೋಪಿನಲ್ಲಿ ಅಂತಹ ಸಂಬಂಧ ಕಾಣಲಿಲ್ಲ. ಇಲ್ಲಿಯೂ ಕಾರ್ಯಕಾರಣಗಳನ್ನು ಆತುರದಿಂದ ಜೋಡಿಸಬಾರದು. ಬೊಜ್ಜು ಇಸಬನ್ನು ಹೆಚ್ಚಿಸುವಂತೆ ಇಸಬೂ ಬೊಜ್ಜನ್ನು ಹೆಚ್ಚಿಸಬಲ್ಲದು. ಬೆವರಿದರೆ ತುರಿಕೆ ಏಳುವುದರಿಂದ ಮಗು ಆಟದ ಬಯಲಿಗೆ ಹೋಗದು. ರಾತ್ರಿ ನಿದ್ರೆ ಕೆಟ್ಟರೆ ಹಗಲು ಹಸಿವೆಯ ಹದ ತಪ್ಪುತ್ತದೆ. ಸ್ಟೆರಾಯ್ಡ್ ಮಾತ್ರೆಗಳನ್ನು ಬಹುದಿನ ನುಂಗಿದರೆ ಹಸಿವೆ ಹೆಚ್ಚಿ ಮೈ ಬರುತ್ತದೆ. ಬೀಜ ಮೊದಲೋ ವೃಕ್ಷ ಮೊದಲೋ ಎಂಬಂತೆ ಒಂದು ಮತ್ತೊಂದನ್ನು ಬೆಳೆಸುತ್ತ ಹೋಗುತ್ತದೆ. ಆದ್ದರಿಂದ ‘ತಿಂದು ತಿಂದು ತಂದುಕೊಂಡ ರೋಗ’ ಎಂದು ಹಂಗಿಸುವುದು ನಿಷ್ಕರುಣೆ ಮಾತ್ರವಲ್ಲ, ಅಶಾಸ್ತ್ರೀಯವೂ ಹೌದು.

ಚರಕಸಂಹಿತೆಯ ಸೂತ್ರಸ್ಥಾನದ ೨೧ನೆಯ ಅಧ್ಯಾಯದಲ್ಲಿ ಎಂಟು ಬಗೆಯ ನಿಂದಿತ ಶರೀರಗಳನ್ನು ಎಣಿಸಲಾಗಿದೆ. ಅತಿ ಎತ್ತರ, ಅತಿ ಗಿಡ್ಡು, ಮೈತುಂಬ ರೋಮ, ರೋಮವೇ ಇಲ್ಲದಿರುವುದು, ಅತಿ ಕಪ್ಪು, ಅತಿ ಬಿಳುಪು, ಅತಿ ಸ್ಥೂಲ, ಅತಿ ಕೃಶ ಎಂಬುವೇ ಆ ಎಂಟು. ಲೋಕವು ನಿಂದಿಸುವ ಮೈಗಳ ಪಟ್ಟಿಯದು. ಲೋಕದ ಬಾಯಿ ಅಂದಿನಿಂದ ಇಂದಿಗೆ ಹೆಚ್ಚು ಬದಲಾದಂತಿಲ್ಲ. ಆದರೆ ಗ್ರಂಥಕಾರನು ನಿಂದೆಗೆ ನಿಲ್ಲದೆ, ಕೊನೆಯ ಎರಡನ್ನು ಚಿಕಿತ್ಸೆಯ ದೃಷ್ಟಿಯಿಂದ ವಿಶೇಷವಾಗಿ ಎತ್ತಿಕೊಂಡು, ಸ್ಥೂಲನಿಗೆ ಒಂದು ಪಥ್ಯವನ್ನೂ ಕೃಶನಿಗೆ ಅದಕ್ಕೆ ವಿಪರೀತವಾದ ಮತ್ತೊಂದು ಪಥ್ಯವನ್ನೂ ವಿಧಿಸುತ್ತಾನೆ. ಆ ಕಾಲದವರಿಗೆ ಟಿ ಕೋಶಗಳ ವಿಷಯ ತಿಳಿದಿತ್ತೆಂದು ನಾವು ಹೇಳುತ್ತಿಲ್ಲ; ಹಾಗೆ ಹೇಳುವುದು ಶಾಸ್ತ್ರಕ್ಕೂ ವಿಜ್ಞಾನಕ್ಕೂ ಅಪಚಾರ. ರೋಗದ ಜೊತೆಗೆ ರೋಗಿಯ ಮೈಯನ್ನೂ ನೋಡಿ ಮದ್ದು ಕೊಡಬೇಕೆಂಬ ವಿವೇಕ ಹಳೆಯದು. ಅದು ಏಕೆ ಸರಿ ಎಂಬುದಕ್ಕೆ ಒಂದು ಪ್ರಮಾಣ ಹೊಸದಾಗಿ ದೊರೆತಿದೆ.

ಇನ್ನು ಮನೆಯಲ್ಲಿ ನಾವು ಮಾಡಬಹುದಾದುದೇನು? ೨೦೧೯-೨೧ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಪ್ರಾಯದ ಹೆಂಗಸರಲ್ಲಿ ನೂರಕ್ಕೆ ೨೪, ಗಂಡಸರಲ್ಲಿ ನೂರಕ್ಕೆ ಸುಮಾರು ೨೩ ಮಂದಿ ಹೆಚ್ಚು ತೂಕದವರು. ಆದಕಾರಣ ಈ ವಿಚಾರ ಅಮೆರಿಕದವರಿಗೆ ಮಾತ್ರ ಮೀಸಲಾದುದಲ್ಲ.

ಮೊದಲನೆಯದು, ಅಳತೆ. ಕಿಲೋಗ್ರಾಮಿನಲ್ಲಿ ತೂಕವನ್ನು, ಮೀಟರಿನಲ್ಲಿ ಎತ್ತರದ ವರ್ಗದಿಂದ ಭಾಗಿಸಬೇಕು. ೧.೬೦ ಮೀಟರ್ ಎತ್ತರ, ೬೮ ಕಿಲೋ ತೂಕವಿದ್ದವರಿಗೆ ಬರುವ ಅಂಕ ಸುಮಾರು ೨೬.೬. ೨೦೦೯ರಲ್ಲಿ ಪ್ರಕಟವಾದ ಭಾರತೀಯ ತಜ್ಞರ ಸಮ್ಮತಿಯಂತೆ ನಮ್ಮ ಜನರಿಗೆ ೨೩ಕ್ಕಿಂತ ಕಡಿಮೆಯಿದ್ದರೆ ಕ್ಷೇಮ, ೨೫ ಮುಟ್ಟಿದರೆ ಸ್ಥೂಲತೆ. ಸೊಂಟದ ಸುತ್ತಳತೆ ಗಂಡಸರಿಗೆ ೯೦, ಹೆಂಗಸರಿಗೆ ೮೦ ಸೆಂಟಿಮೀಟರ್ ಮೀರಬಾರದು. ಇವು ಪ್ರಾಯದವರ ಲೆಕ್ಕ. ಬೆಳೆಯುವ ಮಕ್ಕಳ ಲೆಕ್ಕವೇ ಬೇರೆ, ಅದನ್ನು ಮಕ್ಕಳ ವೈದ್ಯರಿಂದಲೇ ತಿಳಿಯಬೇಕು. ಚರ್ಮದ ವೈದ್ಯರ ಬಳಿ ಹೋದಾಗ ತೂಕ, ಮಧುಮೇಹ, ನುಂಗುತ್ತಿರುವ ಮಾತ್ರೆಗಳು, ಇವನ್ನು ಸಂಕೋಚವಿಲ್ಲದೆ ಹೇಳಬೇಕು. ಚರ್ಮಕ್ಕೂ ಅದಕ್ಕೂ ಏನು ಸಂಬಂಧ ಎಂಬ ಶಂಕೆ ಇನ್ನು ಮೇಲೆ ಬೇಡ.

ಎರಡನೆಯದು, ಮುಲಾಮು. ಸ್ಥೂಲಕಾಯರ ಕಂಕುಳು, ತೊಡೆಸಂದು, ಎದೆಯ ಕೆಳಗಿನ ಮಡಿಕೆಗಳಲ್ಲಿ ಬೆವರು ನಿಂತು ಹುಳುಕಡ್ಡಿಯಂತಹ ಶಿಲೀಂಧ್ರರೋಗ ಸುಲಭವಾಗಿ ಹತ್ತುತ್ತದೆ. ಅದನ್ನು ಇಸಬೆಂದು ಬಗೆದು ಸ್ಟೆರಾಯ್ಡ್ ಮುಲಾಮು ಹಚ್ಚಿದರೆ ಎರಡು ದಿನ ತುರಿಕೆ ಅಡಗಿ, ಆಮೇಲೆ ರೋಗ ಹತ್ತೂ ಕಡೆ ಹಬ್ಬುತ್ತದೆ. ೨೦೧೮ರಲ್ಲಿ ಕೇಂದ್ರ ಸರ್ಕಾರವು ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿದ್ದು ಇದಕ್ಕಾಗಿಯೇ. ಕುತ್ತಿಗೆಯ ಹಿಂದೆ ಮಖಮಲ್ಲಿನಂತೆ ದಪ್ಪಗೆ ಕಪ್ಪಾಗುವುದು ಕೊಳೆಯೆಂದು ಮಕ್ಕಳ ಕುತ್ತಿಗೆಯನ್ನು ಉಜ್ಜಿ ಉಜ್ಜಿ ಗಾಯ ಮಾಡುವ ತಾಯಂದಿರುಂಟು. ಬಹಳ ಸಲ ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಸೂಚನೆ. ತೋರಿಸಬೇಕಾದುದು ವೈದ್ಯರಿಗೆ, ತೊಳೆಯಬೇಕಾದುದಲ್ಲ.

ಮೂರನೆಯದು, ಆಹಾರ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ೨೦೨೪ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ ದಿನಕ್ಕೆ ೨,೦೦೦ ಕ್ಯಾಲೊರಿಯ ಊಟಕ್ಕೆ ೨೭ ಗ್ರಾಂ ಎಣ್ಣೆ ಮತ್ತು ಕೊಬ್ಬನ್ನು ಹೇಳಿದೆ. ಆ ಲೆಕ್ಕದಲ್ಲಿ ನಾಲ್ವರ ಮನೆಗೆ ತುಪ್ಪವೂ ಸೇರಿ ತಿಂಗಳಿಗೆ ಸುಮಾರು ಮೂರೂವರೆ ಲೀಟರ್. ತಮ್ಮ ಮನೆಯ ಕಿರಾಣಿ ಚೀಟಿಯನ್ನು ತೆಗೆದು ನೋಡಿಕೊಳ್ಳುವುದು ವಾಚಕರಿಗೆ ಬಿಟ್ಟದ್ದು. ಹಾಗೆಂದು ಇಸಬಿರುವ ಮಗುವಿಗೆ ಊಟ ಕಡಿದು, ಹಾಲು ಬಿಡಿಸಿ, ಬೇಳೆ ಬಿಡಿಸಿ ಒಣಗಿಸುವುದು ಮಹಾಪರಾಧ. ಬೆಳೆಯುವ ಮಗುವಿಗೆ ಬೇಕಾದುದು ಉಪವಾಸವಲ್ಲ, ಕರಿದ ತಿಂಡಿಯ ಮಿತಿ ಮತ್ತು ಆಟ. ಆಟದ ಬಳಿಕ ಬೆವರನ್ನು ಉಗುರುಬೆಚ್ಚನೆಯ ನೀರಿನಲ್ಲಿ ತೊಳೆದು, ಮೈಯ ತೇವ ಆರುವ ಮೊದಲೇ ವೈದ್ಯರು ಹೇಳಿದ ಲೇಪನ ಹಚ್ಚಿದರೆ ತುರಿಕೆಯ ಭಯವಿಲ್ಲದೆ ಅದು ನಾಳೆಯೂ ಆಡಲು ಹೋದೀತು.

ತೂಕ ಇಳಿದರೆ ಇಸಬು ಹೋಗಿಯೇ ತೀರುತ್ತದೆಂದು ನಾವು ಆಣೆಯಿಟ್ಟು ಹೇಳಲಾರೆವು. ತೆಳ್ಳಗಿನವರಿಗೂ ಈ ರೋಗ ಬರುತ್ತದೆ, ಹಾಲು ಕುಡಿಯುವ ಕೂಸಿಗೂ ಬರುತ್ತದೆ. ಆದರೆ ಬಹುದಿನದ ಔಷಧ ನಾಟದೆ ಬೇಸತ್ತವರು ಇನ್ನೊಂದು ಮುಲಾಮನ್ನು ಕೊಳ್ಳುವ ಮೊದಲು ವೈದ್ಯರನ್ನು ಈ ಒಂದು ಪ್ರಶ್ನೆ ಕೇಳಲಿ: ನನ್ನ ಮೈಯ ಬೊಜ್ಜು ಈ ರೋಗದ ಸ್ವಭಾವವನ್ನೇ ಬದಲಿಸಿರಬಹುದೆ? ಕೇಳಲು ನಾಚಿಕೆಪಡಬೇಕಾದ ಪ್ರಶ್ನೆ ಅದಲ್ಲ. ಅಕ್ಕನ ಮುಲಾಮನ್ನು ತಮ್ಮನಿಗೆ ಹಚ್ಚಲು ಕೈ ಮುಂದಾದಾಗಲೂ ಮನೆಯ ಹಿರಿಯರು ಒಂದು ಕ್ಷಣ ತಡೆದು, ಉರಿಯುತ್ತಿರುವುದು ಕಟ್ಟಿಗೆಯೋ ಎಣ್ಣೆಯೋ ಎಂದು ಯೋಚಿಸಿದರೆ ಈ ಬರಹದ ಶ್ರಮ ಸಾರ್ಥಕವಾಯಿತೆಂದು ಭಾವಿಸುತ್ತೇವೆ.